ಠರಾವು ಪುಸ್ತಕದಲ್ಲಿ ಖಾಲಿ ಬಿಟ್ಟ ನಾಲ್ಕು ಸಾಲು

ಓದುಗರ ಪ್ರಶ್ನೆ: ಸಂಘ-ಸಂಸ್ಥೆಗಳ ಆಡಳಿತ

ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ಸೇವಾ ಸಂಸ್ಥೆಗಳ ಆಡಳಿತದ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವರು ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದರಿಂದ ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ (ಧಾರವಾಡ): ನಮ್ಮ ಸಂಸ್ಥೆ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಹಗಲು ಆರೈಕೆ ಮತ್ತು ಆಪ್ತಸಮಾಲೋಚನೆ ಒದಗಿಸುತ್ತದೆ. ಹದಿನೆಂಟು ವರ್ಷಗಳ ಹಿಂದೆ ಇದನ್ನು ಕಟ್ಟಿದವರು ನಿವೃತ್ತ ಶಿಕ್ಷಕರೊಬ್ಬರು, ಸ್ವಂತ ತಮ್ಮನ ಕಾಯಿಲೆಯ ಸಂಕಟವನ್ನು ಮನೆಯಲ್ಲೇ ಉಂಡವರು. ಇಂದಿಗೂ ಅವರೇ ಅಧ್ಯಕ್ಷರು. ಚೆಕ್ಕಿಗೆ ಅವರೊಬ್ಬರದೇ ಸಹಿ. ಸಭೆ ಅವರ ಮನೆಯಲ್ಲಿ ನಡೆಯುತ್ತದೆ, ಅವಲಕ್ಕಿ-ಚಹಾ ಆಗುತ್ತದೆ, ನಾವು ಸಹಿ ಹಾಕಿ ಬರುತ್ತೇವೆ. ಈಗ ಮಗನನ್ನು ಸಂಬಳದ ಮೇಲೆ ವ್ಯವಸ್ಥಾಪಕನನ್ನಾಗಿ ನೇಮಿಸಿ, ಮುಂದೆ ಅಧ್ಯಕ್ಷಸ್ಥಾನವನ್ನೂ ಅವನಿಗೇ ವಹಿಸುವ ಮಾತಾಡುತ್ತಿದ್ದಾರೆ. ಮಂಡಳಿಗೆ ಹೊಸದಾಗಿ ಸೇರಿದ ನಾನು ಪ್ರಶ್ನೆ ಎತ್ತಿದರೆ ಹಿರಿಯರಿಗೆ ಅವಮಾನ ಮಾಡಿದಂತಾಗುವುದಿಲ್ಲವೇ?

ಉತ್ತರ: ನಾನೂ ಇಂಥದೇ ಒಂದು ಸಂಸ್ಥೆಯಲ್ಲಿ ಕೆಲವು ವರ್ಷ ಕೋಶಾಧ್ಯಕ್ಷನಾಗಿದ್ದೆ. ಅದರ ಹೆಸರು ಇಲ್ಲಿ ಬೇಡ, ಆದರೆ ಅಲ್ಲಿನ ಠರಾವು ಪುಸ್ತಕ ಇನ್ನೂ ಕಣ್ಣ ಮುಂದಿದೆ: ರಟ್ಟಿನ ಹೊದಿಕೆ, ಕೆಂಪು ಬಟ್ಟೆಯ ಬೆನ್ನು, ಪ್ರತಿ ಠರಾವಿನ ಕೊನೆಗೆ ಒಂದೇ ಕೈಬರಹದಲ್ಲಿ ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂಬ ಮಾತು. ಕೊನೆಯ ಠರಾವಿಗೂ ನಮ್ಮ ಸಹಿಗಳಿಗೂ ನಡುವೆ ಪ್ರತಿ ಸಲವೂ ನಾಲ್ಕು ಸಾಲಿನಷ್ಟು ಜಾಗ ಖಾಲಿ ಇರುತ್ತಿತ್ತು. ಏಕೆಂದು ಕೇಳಿದಾಗ ಗುಮಾಸ್ತರು, “ಆಮ್ಯಾಲೆ ಏನರ ಬರಿಯೂದಿದ್ರ ಇರ್ಲಿ ಅಂತ ಬಿಟ್ಟೀನ್ರಿ ಸರ್” ಎಂದಿದ್ದರು. ಒಂದು ಸಲ ಆ ನಾಲ್ಕು ಸಾಲುಗಳಲ್ಲಿ ವಾಹನ ಖರೀದಿಯ ಠರಾವು ಬಂದು ಕೂತಿತು. ಯಾರೂ ಹಣ ಹೊಡೆದಿರಲಿಲ್ಲ. ವಾಹನ ಬೇಕಾಗಿಯೇ ಇತ್ತು, ದರವೂ ಸರಿಯಾಗಿಯೇ ಇತ್ತು. ಆದರೆ ಆ ಠರಾವಿನ ಕೆಳಗೆ ಸಹಿಯಿದ್ದ ಏಳು ಮಂದಿಯಲ್ಲಿ ಐವರಿಗೆ ಸುದ್ದಿ ತಿಳಿದದ್ದು ವಾಹನ ಅಂಗಳದಲ್ಲಿ ಬಂದು ನಿಂತ ಮೇಲೆ. ಆ ಐವರಲ್ಲಿ ನಾನೂ ಒಬ್ಬ, ಕೋಶಾಧ್ಯಕ್ಷ!

ಆದ್ದರಿಂದ ನಿಮ್ಮ ಅಧ್ಯಕ್ಷರು ಒಳ್ಳೆಯವರೋ ಅಲ್ಲವೋ ಎಂಬ ಲೆಕ್ಕಕ್ಕೆ ಹೋಗಬೇಡಿ. ಅವರು ಒಳ್ಳೆಯವರೆಂದೇ ಇಟ್ಟುಕೊಳ್ಳೋಣ. ಅವರನ್ನು ಲೆಕ್ಕ ಕೇಳುವವರು ಯಾರು ಎಂಬುದೇ ಪ್ರಶ್ನೆ. ಇದೇ ನಾಡಿನ ಕಣಗಿನಹಾಳದಲ್ಲಿ, ಗದಗಿನ ಮಗ್ಗುಲಲ್ಲೇ, 1905ರಲ್ಲಿ ಏಷ್ಯಾದ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ ಹುಟ್ಟಿತು. ಸಹಕಾರ ಸಂಘದಲ್ಲಿ ಒಂದೇ ಷೇರು ಇರುವ ರೈತನೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಅಢಾವೆ ಪತ್ರಿಕೆಯ ಲೆಕ್ಕ ಕೇಳಬಲ್ಲ, ಕೇಳುತ್ತಾನೆ ಕೂಡ. ಶಾಲೆಯಾದರೆ ತಂದೆ-ತಾಯಿ ಗೇಟಿನ ಮುಂದೆ ಬಂದು ಜಗಳ ತೆಗೆಯುತ್ತಾರೆ. ನಿಮ್ಮ ಸಂಸ್ಥೆಗೆ ಬರುವವರು ಹಾಗೆ ಕೇಳುವವರಲ್ಲ. ಗುಣವಾದವರು ಆ ಬೀದಿಯ ಕಡೆಗೇ ಮತ್ತೆ ಸುಳಿಯಲು ಇಷ್ಟಪಡುವುದಿಲ್ಲ, ಗುಣವಾಗದವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಮನೆಯವರಿಗೋ ‘ನಾಲ್ಕು ಮಂದಿಗೆ ಗೊತ್ತಾಗದಿದ್ದರೆ ಸಾಕು’ ಎನಿಸಿರುತ್ತದೆ. ಅವರ ಪರವಾಗಿ ಕೇಳುವ ಬಾಯಿ ಯಾವುದಾದರೂ ಇದ್ದರೆ ಅದು ಆಡಳಿತ ಮಂಡಳಿ ಮಾತ್ರ. ಅಲ್ಲಿಯೂ ಅವಲಕ್ಕಿ ತಿಂದು ಸಹಿ ಹಾಕಿ ಎದ್ದರೆ, ಕೇಳುವವರೇ ಇಲ್ಲದಂತಾಗುತ್ತದೆ.

ಇನ್ನು ಮಾಡುವ ಕೆಲಸ. ಮೊದಲು ನಿಮ್ಮದು ಟ್ರಸ್ಟೋ ಸೊಸೈಟಿಯೋ ನೋಡಿಕೊಳ್ಳಿ. ಎಷ್ಟೋ ಮಂಡಳಿ ಸದಸ್ಯರಿಗೆ ಇದೇ ತಿಳಿದಿರುವುದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಸೊಸೈಟಿಯಾಗಿದ್ದರೆ ಪ್ರತಿವರ್ಷ ಸರ್ವಸಾಧಾರಣ ಸಭೆ ನಡೆಯಬೇಕು, ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು; ಅಧ್ಯಕ್ಷಸ್ಥಾನವನ್ನು ತಂದೆ ಮಗನಿಗೆ ಬರೆದುಕೊಡಲು ಅದು ಹೊಲವಲ್ಲ. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಡೀಡ್, ಅಂದರೆ ಟ್ರಸ್ಟನ್ನು ಸ್ಥಾಪಿಸಿದ ಪತ್ರ, ಏನು ಹೇಳುತ್ತದೆಯೋ ಅದೇ ಆಧಾರ. ಅದರ ನಕಲು ನಿಮ್ಮ ಬಳಿ ಇಲ್ಲದಿದ್ದರೆ ಇಂದೇ ಕೇಳಿ ಪಡೆಯಿರಿ, ಉತ್ತರಾಧಿಕಾರ ಮತ್ತು ಟ್ರಸ್ಟಿಗಳ ನೇಮಕದ ಕಲಮುಗಳನ್ನು ಎರಡು ಸಲ ಓದಿರಿ.

ಮಗನನ್ನು ನೌಕರಿಗೆ ತೆಗೆದುಕೊಳ್ಳಲೇಬಾರದೆಂಬ ನಿಯಮವಿಲ್ಲ, ಆತ ಯೋಗ್ಯನೂ ಇರಬಹುದು. ಆದರೆ ಸಂಸ್ಥಾಪಕರ, ಟ್ರಸ್ಟಿಗಳ ಅಥವಾ ಅವರ ಬಂಧುಗಳ ಕೈಗೆ ಕೆಲಸಕ್ಕೆ ಮೀರಿದ ಸಂಬಳವೋ ಬೇರೆ ಲಾಭವೋ ಹೋದರೆ ಸಂಸ್ಥೆಯ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ. ಹೀಗಾಗಿ ಹುದ್ದೆಗೆ ಬಹಿರಂಗವಾಗಿ ಅರ್ಜಿ ಕರೆಯಿರಿ, ಇಂಥ ಕೆಲಸಕ್ಕೆ ಊರಿನಲ್ಲಿ ಬೇರೆಡೆ ಎಷ್ಟು ಕೊಡುತ್ತಾರೆಂದು ವಿಚಾರಿಸಿ, ಆ ವಿಷಯ ಚರ್ಚೆಗೆ ಬಂದಾಗ ತಂದೆಯೂ ಹೊರಗಿರಲಿ, ಮಗನೂ ಹೊರಗಿರಲಿ. ‘ಅಧ್ಯಕ್ಷರು ಈ ವಿಷಯದ ಚರ್ಚೆಯಲ್ಲಿ ಭಾಗವಹಿಸಲಿಲ್ಲ’ ಎಂಬ ವಾಕ್ಯ ಠರಾವಿನಲ್ಲಿ ಇರಲಿ. ಸಭೆ ಅವರದೇ ಪಡಸಾಲೆಯಲ್ಲಿ ನಡೆದರೆ ಅವರನ್ನು ಹೊರಗೆ ಕಳಿಸುವುದಾದರೂ ಎಲ್ಲಿಗೆ? ಆದ್ದರಿಂದ ಸಭೆಯನ್ನು ಮೊದಲು ಸಂಸ್ಥೆಯ ಕಟ್ಟಡಕ್ಕೆ ತನ್ನಿ.

ಚೆಕ್ಕಿಗೆ ಇಬ್ಬರ ಸಹಿ ಬೇಕೆಂಬುದನ್ನು ಅವರ ಮೇಲಿನ ಅನುಮಾನವೆಂದು ಮಂಡಿಸಬೇಡಿ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಹದಿನೈದು ದಿನ ಆಸ್ಪತ್ರೆ ಸೇರಿದರೆ ಆಪ್ತಸಮಾಲೋಚಕಿಯ ಸಂಬಳವೂ ನಿಲ್ಲುತ್ತದೆ, ಕೇಂದ್ರದ ಕರೆಂಟ್ ಬಿಲ್ಲೂ ನಿಲ್ಲುತ್ತದೆ ಎಂದು ಹೇಳಿ. ಅದು ನಿಜವೂ ಹೌದು. ಇದನ್ನೆಲ್ಲ ಏಕಾಏಕಿ ಸಭೆಯಲ್ಲಿ ಎತ್ತದೆ, ವಾರ ಮೊದಲು ಮನೆಗೆ ಹೋಗಿ ಅವರೊಬ್ಬರ ಮುಂದೆ ಹೇಳಿ. “ನಿಮ್ಮ ಹಿಂದ ಇದು ನಿಲ್ಲಬಾರದ್ರಿ ಸರ್” ಎಂಬ ಮಾತಿನಿಂದ ಶುರು ಮಾಡಿದರೆ ಅವಮಾನವಾಗುವುದಿಲ್ಲ. ಅವರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿ ಕೂರಿಸಿದರಾಯಿತು ಎಂಬ ಜಾಣತನವನ್ನು ಮಾತ್ರ ನಾನು ಒಪ್ಪುವುದಿಲ್ಲ. ಶಾಲು ಹೊದಿಸಿ ಮೂಲೆಗೆ ಕೂರಿಸಿದರೂ ಸಿಬ್ಬಂದಿ ಎಲ್ಲದಕ್ಕೂ ಅವರ ಮನೆಗೇ ಓಡುತ್ತಿದ್ದರೆ, ಜವಾಬ್ದಾರಿ ಒಬ್ಬರದು, ಅಧಿಕಾರ ಇನ್ನೊಬ್ಬರದು ಎಂಬ ಇನ್ನೂ ಕೆಟ್ಟ ಸ್ಥಿತಿಗೆ ಬಂದು ಮುಟ್ಟುತ್ತೀರಿ.

ಪ್ರಶ್ನೆ (ಗದಗ-ಬೆಟಗೇರಿ): ದಾನಿಗಳೊಬ್ಬರು ಹಳೆಯ ಕಟ್ಟಡ ಕೊಟ್ಟಿದ್ದಾರೆ. ಮನೆಯವರು ಕೈಬಿಟ್ಟ, ಮಾನಸಿಕ ಕಾಯಿಲೆಯಿರುವ ಹನ್ನೆರಡು ಮಂದಿಯನ್ನು ಅಲ್ಲಿ ಇಟ್ಟುಕೊಂಡು ನೋಡಿಕೊಳ್ಳಬೇಕೆಂದಿದ್ದೇವೆ. ಡಾಕ್ಟರರು ಇರುವುದಿಲ್ಲ, ಊಟ-ವಸತಿ ಮಾತ್ರ. “ಸೇವಾ ಮಾಡಾಕ ಲೈಸನ್ಸ್ ಯಾಕ ಬೇಕ್ರೀ?” ಎಂದು ನಮ್ಮ ಹಿರಿಯ ಸದಸ್ಯರು ಕೇಳುತ್ತಾರೆ.

ಉತ್ತರ: ಬೇಕು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ನೀಡುವ ಆಸ್ಪತ್ರೆಯನ್ನು ಮಾತ್ರ ಮಾನಸಿಕ ಆರೋಗ್ಯ ಸಂಸ್ಥೆ ಎಂದು ಕರೆಯುವುದಿಲ್ಲ. ಮಾನಸಿಕ ಕಾಯಿಲೆಯಿರುವವರನ್ನು ಆರೈಕೆಗೋ ಚೇತರಿಕೆಗೋ ಪುನರ್ವಸತಿಗೋ, ತಾತ್ಕಾಲಿಕವಾಗಿಯಾದರೂ, ಇರಿಸಿಕೊಳ್ಳುವ ಸ್ಥಳವೆಲ್ಲ ಅದರ ವ್ಯಾಪ್ತಿಗೆ ಬರುತ್ತದೆ, ಅದನ್ನು ನಡೆಸುವವರು ಟ್ರಸ್ಟಿನವರಾದರೂ ಸರಿಯೇ. ರೋಗಿ ತನ್ನ ಬಂಧುಗಳ ಅಥವಾ ಸ್ನೇಹಿತರ ಜೊತೆ ವಾಸಿಸುವ ಮನೆಗೆ ಮಾತ್ರ ವಿನಾಯಿತಿ. ಧಾರವಾಡದ ಓದುಗರು ನಡೆಸುವಂತೆ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ವ್ಯವಸ್ಥೆ ಬೇರೆ, ನಿಮ್ಮ ಯೋಜನೆ ಬೇರೆ. ನೀವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಅರ್ಜಿ ತಲುಪಿದ 10 ದಿನಗಳೊಳಗೆ ತಾತ್ಕಾಲಿಕ ನೋಂದಣಿ ಪತ್ರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಅದು 12 ತಿಂಗಳು ಊರ್ಜಿತ. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿ ದಂಡ, ಮರುಕಳಿಸಿದರೆ 2 ಲಕ್ಷದವರೆಗೆ, ಆಮೇಲೂ ಬಿಡದಿದ್ದರೆ 5 ಲಕ್ಷದವರೆಗೆ. ನೋಂದಣಿಯಾಗದ ಸಂಸ್ಥೆಯಲ್ಲಿ ಗೊತ್ತಿದ್ದೂ ಕೆಲಸ ಮಾಡುವ ಮನೋವೈದ್ಯರು, ನರ್ಸುಗಳಿಗೂ 25,000 ರೂಪಾಯಿವರೆಗೆ ದಂಡವಿದೆ. ನಾಳೆ ನಿಮಗೆ ನೆರವಾಗಲು ಬರುವ ಡಾಕ್ಟರರನ್ನೂ ಸಂಕಟಕ್ಕೆ ಸಿಕ್ಕಿಸಿದಂತಾಗುತ್ತದೆ.

ನಿಮ್ಮ ಹಿರಿಯ ಸದಸ್ಯರಿಗೆ ಏರ್ವಾಡಿಯ ವಿಷಯ ತಿಳಿಸಿ. ತಮಿಳುನಾಡಿನ ಆ ದರ್ಗಾದ ಊರಿನಲ್ಲಿ, 2001ರ ಆಗಸ್ಟ್ 6ರ ಬೆಳಗಿನ ಜಾವ, ರೋಗಿಗಳನ್ನು ಇರಿಸಿಕೊಂಡಿದ್ದ ಗುಡಿಸಲಿನಂಥ ತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದವರಿಗೆ ಓಡಲು ಆಗಲಿಲ್ಲ. 28 ಮಂದಿ ಸತ್ತರು. ಇಂದಿನ ಕಾಯ್ದೆಯ 95ನೇ ಕಲಮು ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ನಿಮ್ಮ ಹನ್ನೆರಡು ಮಂದಿಗೆ ಯಾರೂ ಸರಪಳಿ ಹಾಕುವುದಿಲ್ಲ ನಿಜ. ಆದರೆ ರಾತ್ರಿ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾವಲುಗಾರ ಚಹಾದಂಗಡಿಗೆ ಹೋದರೆ ಸರಪಳಿಗೂ ಅದಕ್ಕೂ ವ್ಯತ್ಯಾಸವೇನು ಉಳಿಯಿತು? ಮಂಡಳಿಯ ಸದಸ್ಯರು ತಿಂಗಳಿಗೊಮ್ಮೆ ಸರದಿಯಂತೆ, ಮೊದಲೇ ತಿಳಿಸದೆ, ರಾತ್ರಿ ಒಂಬತ್ತರ ಮೇಲೆ ಹೋಗಿ ಕೀಲಿಕೈ ಯಾರ ಬಳಿ ಇದೆಯೆಂದು ನೋಡಿ ಬರಬೇಕು. ಹಗಲು ಹೋದರೆ ಸತ್ಕಾರ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ.

ನೋಡಬೇಕಾದದ್ದು ಇನ್ನೂ ಇದೆ. ‘ಹೇನು ಆಗತಾವ’ ಎಂದು ಎಲ್ಲರ ತಲೆ ಬೋಳಿಸುವುದು, ಒಂದೇ ಬಣ್ಣದ ನಿಲುವಂಗಿ ತೊಡಿಸುವುದು, ಪಾತ್ರೆ ತೊಳೆಸಿ ಅದನ್ನು ‘ಚಟುವಟಿಕೆ ಚಿಕಿತ್ಸೆ’ ಎನ್ನುವುದು ನಮ್ಮಲ್ಲಿ ತಪ್ಪೆಂದು ಯಾರಿಗೂ ತೋರುವುದೇ ಇಲ್ಲ. ಕಡ್ಡಾಯವಾಗಿ ತಲೆ ಬೋಳಿಸಬಾರದು, ಬಯಸಿದರೆ ತಮ್ಮದೇ ಬಟ್ಟೆ ಧರಿಸಲು ಬಿಡಬೇಕು, ದುಡಿಯಲು ಬಲವಂತ ಮಾಡಬಾರದು, ದುಡಿದರೆ ತಕ್ಕ ಸಂಭಾವನೆ ಕೊಡಬೇಕು ಎಂದು ಕಾಯ್ದೆ 20ನೇ ಕಲಮಿನಲ್ಲಿ ಬಿಡಿಸಿ ಹೇಳಿದೆ. ಬೀದಿಯಲ್ಲಿ ಅಲೆಯುವವರನ್ನು ಕಂಡಲ್ಲಿ ಹತ್ತಿಸಿಕೊಂಡು ತರುವ ಉತ್ಸಾಹವೂ ಬೇಡ. ಅಂಥವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವ ಕರ್ತವ್ಯ ಪೊಲೀಸರದು. ತಪಾಸಣೆಯಾದ ಮೇಲೆ ನಿಮ್ಮ ಪಾತ್ರ. ಗದಗಿನಲ್ಲಿ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ದೂರವಿಲ್ಲ. ಆ ವೈದ್ಯರೊಂದಿಗೆ ಲಿಖಿತ ಒಡಂಬಡಿಕೆ ಇಲ್ಲದೆ ಮೊದಲನೆಯವರನ್ನೂ ಒಳಗೆ ಸೇರಿಸಿಕೊಳ್ಳಬೇಡಿ.

ಪ್ರಶ್ನೆ (ಹುಬ್ಬಳ್ಳಿ): ನಾನು ಸೇವಾ ಸಂಸ್ಥೆಯೊಂದರಲ್ಲಿ ಆಪ್ತಸಮಾಲೋಚಕಿ. ನಮ್ಮ ದೊಡ್ಡ ದಾನಿಯೂ ಆಗಿರುವ ಟ್ರಸ್ಟಿಯೊಬ್ಬರು ತಮ್ಮ ಪರಿಚಯದ ಕುಟುಂಬದ ಹುಡುಗಿಯನ್ನು ನಮ್ಮಲ್ಲಿಗೆ ಕಳುಹಿಸಿದ್ದರು. ಈಗ “ಆಕಿ ಏನೇನ್ ಹೇಳಿದಳವಾ?” ಎಂದು ಫೋನ್ ಮಾಡಿ ಕೇಳುತ್ತಿದ್ದಾರೆ. ಕಡತವನ್ನು ಮುಂದಿನ ಸಭೆಗೆ ತರಬೇಕಂತೆ.

ಉತ್ತರ: ತರಬೇಡಿ. ಮಾನಸಿಕ ಆರೋಗ್ಯದ ವಿಷಯದಲ್ಲಿ ಗೋಪ್ಯತೆ ಆ ಹುಡುಗಿಯ ಹಕ್ಕು, ನೀವು ಮಾಡುವ ಉಪಕಾರವಲ್ಲ. ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿ, ನ್ಯಾಯಾಲಯದ ಆದೇಶದಂಥ ಕೆಲವೇ ಸಂದರ್ಭಗಳಲ್ಲಿ, ಅದೂ ಅಗತ್ಯವಿದ್ದಷ್ಟೇ ಮಾಹಿತಿಯನ್ನು, ಹೊರಗೆ ಹೇಳಲು ಕಾಯ್ದೆ ಅವಕಾಶ ಕೊಟ್ಟಿದೆ. ಟ್ರಸ್ಟಿಗೆ ಕುತೂಹಲವಾಗಿದೆ ಎಂಬುದು ಆ ಪಟ್ಟಿಯಲ್ಲಿಲ್ಲ. ದಾನ ಕೊಟ್ಟವರು ಕಟ್ಟಡದ ಮೇಲೆ ಹೆಸರು ಬರೆಸಿಕೊಳ್ಳಬಹುದು, ಕಡತ ತೆರೆಯುವಂತಿಲ್ಲ.

ಮಂಡಳಿಗೆ ತಿಳಿಯಬೇಕಾದದ್ದು ಬೇರೆಯೇ ಇದೆ: ಈ ತಿಂಗಳು ಹೊಸದಾಗಿ ಎಷ್ಟು ಮಂದಿ ಬಂದರು, ಮೊದಲ ಭೇಟಿಗೆ ಎಷ್ಟು ದಿನ ಕಾದರು, ನಡುವೆ ಬಿಟ್ಟುಹೋದವರೆಷ್ಟು, ಎಷ್ಟು ಜನರನ್ನು ಮನೋವೈದ್ಯರ ಬಳಿಗೆ ಕಳುಹಿಸಲಾಯಿತು, ದೂರುಗಳೆಷ್ಟು. ಈ ಅಂಕಿಗಳನ್ನು ಹೆಸರಿಲ್ಲದೆ ಒಂದು ಹಾಳೆಯಲ್ಲಿ ಬರೆದು ಪ್ರತಿ ಸಭೆಗೆ ಕೊಡಿ. ಕೇಳುವುದಕ್ಕೆ ಅವರಿಗೂ ಏನಾದರೊಂದು ಸಿಕ್ಕಂತಾಗುತ್ತದೆ. ಟ್ರಸ್ಟಿಯ ಫೋನಿಗೆ ನೀವೊಬ್ಬರೇ ಉತ್ತರಿಸುತ್ತ ಹೋಗಬೇಡಿ, ಅದು ನಿಮ್ಮ ನೌಕರಿಗೇ ಕುತ್ತಾಗುತ್ತದೆ. ‘ರೋಗಿಗಳ ಕಡತವನ್ನು ಆಡಳಿತ ಮಂಡಳಿಯ ಯಾವ ಸದಸ್ಯರೂ ನೋಡತಕ್ಕದ್ದಲ್ಲ’ ಎಂಬ ಠರಾವನ್ನು ಅಂಗೀಕರಿಸುವಂತೆ ಕಾರ್ಯದರ್ಶಿಗೆ ಲಿಖಿತವಾಗಿ ಕೇಳಿ. ಆಮೇಲೆ ನಿರಾಕರಿಸುವುದು ಠರಾವಿನ ಕೆಲಸ, ನಿಮ್ಮದಲ್ಲ.

ಪ್ರಶ್ನೆ (ಹಾವೇರಿ): ಚೇತರಿಸಿಕೊಂಡವರ ‘ಮೊದಲು-ನಂತರ’ ಫೋಟೋಗಳನ್ನು ದಾನಿಗಳ ವಾಟ್ಸ್ಆ್ಯಪ್ ಗುಂಪಿಗೂ ಪತ್ರಿಕೆಗೂ ಕೊಡುತ್ತೇವೆ. ದೇಣಿಗೆ ಚೆನ್ನಾಗಿ ಬರುತ್ತದೆ. ತಪ್ಪೇ?

ಉತ್ತರ: ತಪ್ಪು. ಚಿಕಿತ್ಸೆಯಲ್ಲಿರುವವರ ಫೋಟೋವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು ಕಾಯ್ದೆಯ 24ನೇ ಕಲಮು ಹೇಳುತ್ತದೆ. ನಿಮ್ಮ ಅನ್ನ ತಿನ್ನುತ್ತಿರುವವರು ‘ಹೂಂ’ ಎಂದ ಮಾತ್ರಕ್ಕೆ ಅದನ್ನು ಒಪ್ಪಿಗೆಯೆನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಮಗಳ ಮದುವೆ ಮಾತುಕತೆಯ ಹೊತ್ತಿಗೆ ಆ ಹಳೆಯ ಫೋಟೋ ಬೀಗರ ಫೋನಿಗೆ ಬಂದರೆ ಏನಾದೀತೆಂದು ಯೋಚಿಸಿ. ಅಡುಗೆಮನೆಯ, ಕೈತೋಟದ, ಲೆಕ್ಕಪತ್ರದ ಚಿತ್ರ ಹಾಕಿ. ದೇಣಿಗೆ ಒಂದಿಷ್ಟು ಇಳಿಯಬಹುದು. ಅಂದಹಾಗೆ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ ದಾನದ ಮೇಲಿನ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ ಎಂಬುದನ್ನೂ ಅದೇ ಗುಂಪಿನಲ್ಲಿ ತಿಳಿಸಿದರೆ ಪಾವತಿ ಪುಸ್ತಕದ ಜಗಳಗಳು ಕಡಿಮೆಯಾಗುತ್ತವೆ.

ಪ್ರಶ್ನೆ (ಹುಬ್ಬಳ್ಳಿ): ಹಿಂದೆ ಸ್ಕಿಜೋಫ್ರೇನಿಯಾಗೆ ಚಿಕಿತ್ಸೆ ಪಡೆದು ಈಗ ಅಂಗಡಿ ನಡೆಸುತ್ತಿರುವವರೊಬ್ಬರನ್ನು ಮಂಡಳಿಗೆ ಸೇರಿಸಿಕೊಳ್ಳೋಣವೆಂದರೆ, ‘ಬುದ್ಧಿ ಸ್ಥಿಮಿತವಿಲ್ಲದವರು ಸದಸ್ಯರಾಗುವಂತಿಲ್ಲ’ ಎಂಬ ಬೈಲಾದ ಸಾಲು ತೋರಿಸುತ್ತಾರೆ.

ಉತ್ತರ: ಮಾನಸಿಕ ಕಾಯಿಲೆಯಿದೆ ಎಂದ ಮಾತ್ರಕ್ಕೆ ಒಬ್ಬರನ್ನು ಬುದ್ಧಿ ಸ್ಥಿಮಿತವಿಲ್ಲದವರೆಂದು ಭಾವಿಸತಕ್ಕದ್ದಲ್ಲ, ಸಕ್ಷಮ ನ್ಯಾಯಾಲಯ ಹಾಗೆಂದು ಘೋಷಿಸಿದ್ದರೆ ಮಾತ್ರ ಅದು ಸಲ್ಲುತ್ತದೆ ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮಿನಲ್ಲೇ ಇದೆ. ಆದ್ದರಿಂದ ಬೈಲಾದ ಆ ಸಾಲು ನಿಮ್ಮ ಅಂಗಡಿಕಾರರಿಗೆ ಅಡ್ಡ ಬರುವುದಿಲ್ಲ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೇ ಮಾನಸಿಕ ಕಾಯಿಲೆ ಅನುಭವಿಸಿದವರನ್ನು ಪ್ರತಿನಿಧಿಸಲು ಇಬ್ಬರಿಗೆ, ಆರೈಕೆ ಮಾಡುವವರ ಪರವಾಗಿ ಇಬ್ಬರಿಗೆ ಸ್ಥಾನವಿದೆ. ಸರ್ಕಾರದ ಮೇಜಿನ ಮುಂದೆ ಕೂರಬಹುದಾದವರು ನಿಮ್ಮ ಮೇಜಿನ ಮುಂದೆ ಕೂರಬಾರದೇ?

ನಾನು ಕೋಶಾಧ್ಯಕ್ಷನಾಗಿದ್ದ ಸಂಸ್ಥೆಯಲ್ಲಿ ಅಂಥವರೊಬ್ಬರು ಸದಸ್ಯರಾಗಿ ಬಂದರು. ಮೊದಲ ಎರಡು ಸಭೆಗಳಲ್ಲಿ ಸುಮ್ಮನೆ ಕೂತಿದ್ದರು. ಮೂರನೆಯದರಲ್ಲಿ, ಹಾಜರಾತಿ ಏಕೆ ಇಳಿಯುತ್ತಿದೆಯೆಂದು ನಾವು ಬಸ್ಸಿನ ಸಮಯ, ಮಳೆ, ಸುಗ್ಗಿ ಎಲ್ಲದರ ಮೇಲೂ ಚರ್ಚೆ ಮಾಡಿ ಮುಗಿಸಿದ ಮೇಲೆ ಮೆಲ್ಲಗೆ, “ಗೇಟಿನ ಮ್ಯಾಲಿನ ಬೋರ್ಡ್ ತಗೀರಿ. ನಾನು ಇಲ್ಲಿಗೆ ಬರ್ತಿದ್ದಾಗ ಒಂದ ಸ್ಟಾಪ್ ಮೊದ್ಲ ಇಳದು ಹಿಂದಿನ ಓಣಿಯಿಂದ ಬರ್ತಿದ್ದೆ” ಎಂದರು. ಬೋರ್ಡಿನಲ್ಲಿ ‘ಮಾನಸಿಕ ರೋಗಿಗಳ’ ಎಂಬ ಎರಡು ಪದಗಳು ಮೊಳದುದ್ದ ಇದ್ದವು; ಅದಕ್ಕಿಂತ ದೊಡ್ಡದಾಗಿ ಇದ್ದದ್ದು ಬೋರ್ಡ್ ಮಾಡಿಸಿಕೊಟ್ಟ ದಾನಿಯ ಹೆಸರು. ದಿನವೂ ಅದರ ಕೆಳಗೇ ಹಾದು ಒಳಗೆ ಬರುತ್ತಿದ್ದ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಒಬ್ಬರನ್ನೇ ಸೇರಿಸಿಕೊಂಡರೆ ಆ ಒಬ್ಬರು ತೋರಿಕೆಯ ಗೊಂಬೆಯಾಗುವ ಅಪಾಯವಿದೆ. ಸಾಧ್ಯವಾದರೆ ಇಬ್ಬರನ್ನು ತನ್ನಿ. ಜೊತೆಗೆ ಅವರ ಬಸ್ ಚಾರ್ಜು ಮತ್ತು ಅಂಗಡಿ ಮುಚ್ಚಿದ ಅರ್ಧ ದಿನದ ಹೊತ್ತನ್ನು ನೆನಪಿಡಿ. ನಿವೃತ್ತರಿಗೆ ಅನುಕೂಲವಾದ ಬೆಳಿಗ್ಗೆ ಹನ್ನೊಂದರ ಸಭೆ ದುಡಿದು ತಿನ್ನುವವರಿಗೆ ಅನುಕೂಲವಲ್ಲ.

ಪ್ರಶ್ನೆ (ರಾಣೆಬೆನ್ನೂರು): ನಮ್ಮ ಟ್ರಸ್ಟಿಗಳಲ್ಲಿ ಮೂವರು ಬೆಂಗಳೂರಿನಲ್ಲಿದ್ದಾರೆ. ಕಾರ್ಯದರ್ಶಿ ವಾಟ್ಸ್ಆ್ಯಪ್ ಗುಂಪಿಗೆ ವಿಷಯ ಹಾಕುತ್ತಾರೆ, ಎಲ್ಲರೂ ಹೆಬ್ಬೆರಳಿನ ಚಿತ್ರ ಕಳುಹಿಸುತ್ತಾರೆ, ಅದನ್ನೇ ಠರಾವು ಎಂದು ಬರೆಯಲಾಗುತ್ತದೆ. ಇದು ನಡೆಯುತ್ತದೆಯೇ?

ಉತ್ತರ: ಹಿಂದೆ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುವಾಗಲೂ ಕಾಗದವನ್ನು ಓದಿ ಹೇಳುವವರೊಬ್ಬರು ಪಕ್ಕದಲ್ಲಿ ಇರುತ್ತಿದ್ದರು. ನಿಮ್ಮ ಟ್ರಸ್ಟ್ ಡೀಡ್ ಸಭೆ ಸೇರದೆ ತೀರ್ಮಾನಿಸಲು ಅವಕಾಶ ಕೊಟ್ಟಿದೆಯೇ ನೋಡಿ; ಕೊಡದಿದ್ದರೆ ಆ ಠರಾವುಗಳನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಕೊಟ್ಟಿದ್ದರೂ ಹಣ, ನೇಮಕ ಮತ್ತು ರೋಗಿಗಳ ಸುರಕ್ಷತೆಯ ವಿಷಯಗಳನ್ನು ಹೀಗೆ ಮುಗಿಸಬೇಡಿ. ಬೆಂಗಳೂರಿನವರು ವಿಡಿಯೋ ಕರೆಯಲ್ಲಿ ಸೇರಲು ಡೀಡಿನಲ್ಲಿ ಅವಕಾಶವಿದ್ದರೆ ಸೇರಲಿ, ಆದರೆ ವರ್ಷಕ್ಕೆ ಎರಡು ಸಭೆಗಳಿಗಾದರೂ ರೈಲು ಹತ್ತಿ ರಾಣೆಬೆನ್ನೂರಿಗೆ ಬಂದು ಕೇಂದ್ರದಲ್ಲಿ ಊಟ ಮಾಡಿ ಹೋಗಲಿ. ಸತತ ಮೂರು ಸಭೆಗಳಿಗೆ ಬಾರದವರ ಸ್ಥಾನ ತೆರವಾಗುತ್ತದೆ ಎಂಬ ನಿಯಮ ನಿಮ್ಮ ಡೀಡಿನಲ್ಲಿದ್ದರೆ, ಮುಂದಿನ ನೋಟಿಸಿನ ಕೆಳಗೆ ಆ ಸಾಲನ್ನು ಹಾಗೆಯೇ ಟೈಪ್ ಮಾಡಿಸಿ ಕಳುಹಿಸಿ. ಕೊನೆಯ ಠರಾವು ಬರೆದ ಮೇಲೆ ಅದರ ಕೆಳಗೇ ಅಡ್ಡಗೆರೆ ಎಳೆದು, ಆ ಗೆರೆಗೆ ತಾಗಿಸಿ ಸಹಿ ಮಾಡಿಸಿ.